ಗುಡ್ಡದಿಲಿಯ ಮೋಟುಬಾಲ

ಸಂಗ್ರಹಾಲಯದ ಹಳಬರು ಯಾರೂ ಅವಳ ಅಪ್ಪನನ್ನು ಹೆಸರು ಹಿಡಿದು ಕರೆದವರಲ್ಲ. ಅವರ ಪಾಲಿಗೆ ಅವನು ಹತ್ತಿಮೇಷ್ಟ್ರು. ಸತ್ತ ಹಕ್ಕಿ, ಅಳಿಲು, ಬಾವಲಿ, ಇಲಿ ಯಾವುದೇ ಬರಲಿ, ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಇನ್ನೇನು ಎದ್ದು ಓಡೀತು ಎನ್ನುವ ಹಾಗೆ ಹೊಲಿದು ಮಲಗಿಸುವುದು ಅವನ ಕೆಲಸವಾಗಿತ್ತು. ಮಗಳು ಅದೇ ಕಟ್ಟಡದ ಮೇಲಿನ ಮಹಡಿಯ ಡಿಎನ್‌ಎ ಪ್ರಯೋಗಾಲಯ ಸೇರಿದಾಗ ಅವಳಿಗೂ ಒಂದು ಹೆಸರು ತಾನಾಗಿ ಬಂದು ಅಂಟಿಕೊಂಡಿತು: ಇಲಿಯಮ್ಮ. ಅಪ್ಪ ಇಲಿಗಳಿಗೆ ಹತ್ತಿ ತುಂಬಿ ಸಾಕಾಗಿ ನಿವೃತ್ತನಾದ, ಮಗಳು ಇಲಿಗಳ ವಂಶವೃಕ್ಷ ಬಿಡಿಸಲು ಕೂತಳು. ಎಲ್ಲರ ಮನೆಯಲ್ಲೂ ಇಲಿ ಓಡಿಸುತ್ತಾರೆ, ನಮ್ಮ ಮನೆಯಲ್ಲಿ ಇಲಿಯೇ ಒಲೆ ಉರಿಸೋದು ಎಂದು ಅವಳ ಅಮ್ಮ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು.

ಆ ಬೆಳಿಗ್ಗೆ ಇಲಿಯಮ್ಮ ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಒಂದೊಂದು ಇಲಿಯ ಡಿಎನ್‌ಎಯಲ್ಲೂ ಅದೇ ಒಂದು ತುಣುಕನ್ನು ಹುಡುಕಿ ಓದುವುದು, ಅಕ್ಷರಕ್ಕೆ ಅಕ್ಷರ ಇಟ್ಟು ಹೋಲಿಸುವುದು. ವ್ಯತ್ಯಾಸ ಕಡಿಮೆಯಿದ್ದರೆ ಹತ್ತಿರದ ನೆಂಟರು, ಹೆಚ್ಚಿದ್ದರೆ ದೂರದವರು. ಕಂಪ್ಯೂಟರು ಅದನ್ನೆಲ್ಲ ಕೂಡಿಸಿ ಕಳೆದು, ಕೊಂಬೆ ರೆಂಬೆಗಳಿರುವ ಒಂದು ಮರವನ್ನು ಬಿಡಿಸಿಕೊಡುತ್ತದೆ. ಬಂಡೆಗಳ ಸಂದಿಯಲ್ಲಿ ಬೋನಿಟ್ಟು ಹಿಡಿದು, ಕಿವಿಯಂಚಿನ ಚೂರೊಂದನ್ನು ಕತ್ತರಿಸಿಕೊಂಡು ಮತ್ತೆ ಬಿಟ್ಟುಬಂದ ಗುಡ್ಡದಿಲಿಗಳೆಲ್ಲ ಆ ಮರದಲ್ಲಿ ತಮ್ಮದೇ ಕೊಂಬೆ ಹಿಡಿದು ಜಂಬದಿಂದ ಕೂತಿದ್ದವು. ಗುಡ್ಡದ ಬುಡದಲ್ಲೇ ಇರುವ ಹೊಲದ ಇಲಿಗೂ ಅವಕ್ಕೂ ನೆಂಟಸ್ತಿಕೆ ಅಷ್ಟಕ್ಕಷ್ಟೆ. ಅವುಗಳ ಹತ್ತಿರದ ದಾಯಾದಿ ಎಲ್ಲೋ ನದಿಯಾಚೆಯ ಕಾಡಿನಲ್ಲಿದ್ದ. ಗುಡ್ಡಕ್ಕೂ ಕಾಡಿಗೂ ನಡುವೆ ನದಿ ಹರಿಯುವ ಮೊದಲು ಎರಡೂ ಒಂದೇ ಮನೆತನವಾಗಿದ್ದಿರಬೇಕು ಎಂದು ಊಹಿಸಿದಾಗ ಇಲಿಯಮ್ಮನಿಗೆ ಮೈ ಜುಮ್ಮೆಂದಿತ್ತು.

ಉಳಿದದ್ದು ಒಂದೇ ಇಲಿ. ಒಂದು ಪ್ರಭೇದಕ್ಕೆ ಯಾವ ಪ್ರಾಣಿಯನ್ನು ಎದುರಿಗಿಟ್ಟುಕೊಂಡು ಹೆಸರಿಡುತ್ತಾರೋ ಆ ಹೆಸರು ಕೊನೆತನಕ ಆ ಪ್ರಾಣಿಯದೇ. ಗುಡ್ಡದಿಲಿ ಎಂಬ ಹೆಸರು ಹೊತ್ತ ಆ ಮೊದಲ ಇಲಿ ಕೆಳಗಿನ ಮಹಡಿಯ ಬೀರುವಿನಲ್ಲಿ, ಹೆಸರು, ಸಂಖ್ಯೆ ಬರೆದ ಚೀಟಿಯನ್ನು ಕಾಲಿಗೆ ಕಟ್ಟಿಸಿಕೊಂಡು ಮಲಗಿತ್ತು. ಅದಕ್ಕೆ ಹತ್ತಿ ತುಂಬಿದ್ದವನು ಅವಳ ಅಪ್ಪನೇ. ಅಪ್ಪನ ಇಲಿ, ಮಗಳ ಇಲಿ ಎರಡೂ ಒಂದೇ ಕೊಂಬೆಯಲ್ಲಿ ಕೂತರೆ ಕೆಲಸ ಮುಗಿಯಿತು ಎಂದು ಅವಳು ಆಸೆಯಿಂದ ಕಾದಿದ್ದಳು. ಆದರೆ ಪರದೆಯ ಮೇಲೆ ಅಪ್ಪನ ಇಲಿ ಗುಡ್ಡದ ಕಡೆ ತಿರುಗಿಯೂ ನೋಡಿರಲಿಲ್ಲ. ಅಡುಗೆಮನೆಯ ಡಬ್ಬಗಳ ಹಿಂದೆ ಓಡಾಡುವ ಮಾಮೂಲಿ ಮನೆಯಿಲಿಗಳ ಗುಂಪಿನ ನಟ್ಟನಡುವೆ ಹೋಗಿ ಕೂತಿತ್ತು.

ಮೊದಲು ಅವಳು ತನ್ನ ಕೈಯನ್ನೇ ಅನುಮಾನಿಸಿದಳು. ಹಳೆಯ ಚರ್ಮದಲ್ಲಿ ಉಳಿದಿರುವ ಡಿಎನ್‌ಎ ಚಿಂದಿಚಿಂದಿ, ಪಕ್ಕದ ಇಲಿಯದು ಒಂದು ಚೂರು ತಾಗಿದರೂ ಮೋಸ. ಹೊಸ ಕೈಗವಸು, ಹೊಸ ರಾಸಾಯನಿಕ, ಹೊಸ ಕೊಳವೆ ಹಿಡಿದು ಮೊದಲಿಂದ ಮಾಡಿದಳು. ಬಂದದ್ದು ಮತ್ತೆ ಮನೆಯಿಲಿಯೇ.

ನಿರ್ದೇಶಕರು ಫಲಿತಾಂಶ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ, ಆದರೆ ಕನ್ನಡಕ ತೆಗೆದರೆಂದರೆ ಒಳ್ಳೆಯ ಮಾತು ಬರುವುದಿಲ್ಲ ಎನ್ನುವುದು ಇಡೀ ಕಟ್ಟಡಕ್ಕೆ ಗೊತ್ತು.

“ಬೇಜಾರು ಮಾಡ್ಕೋಬೇಡಮ್ಮ. ಇದು ಚೀಟಿ ಅದಲುಬದಲಾದ ಕೇಸು. ಗುಡ್ಡದಿಲಿಯ ಚೀಟಿ ಮನೆಯಿಲಿಯ ಕಾಲಿಗೆ ಬಿದ್ದಿದೆ. ಕಟ್ಟಿದ್ದು ಯಾರು ಅಂತ ನಾನು ಹೇಳಬೇಕಾಗಿಲ್ಲ.”

“ನಮ್ಮಪ್ಪ ಚೀಟಿ ತಪ್ಪಿಸೋರಲ್ಲ ಸರ್.”

“ನಮ್ಮಪ್ಪನೂ ಏನೂ ತಪ್ಪಿಸೋರಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ನೋಡು, ಒಂದು ತಪ್ಪಿದ್ರೆ ಇನ್ನೆಷ್ಟು ತಪ್ಪಿದೆಯೋ ಯಾರಿಗೆ ಗೊತ್ತು? ನಮ್ಮ ಬೀರುಗಳಲ್ಲಿ ಅರ್ಧಕ್ಕರ್ಧ ಮೇಷ್ಟ್ರ ಕೈಯದು. ಹೊರಗಿನವರೆಲ್ಲ ಅವನ್ನೇ ನಂಬಿ ಕೆಲಸ ಮಾಡ್ತಿದಾರೆ. ಅವರು ಕಟ್ಟಿದ ಚೀಟಿಗಳನ್ನ ನಂಬಬೇಡಿ ಅಂತ ಎಲ್ಲ ಸಂಗ್ರಹಾಲಯಗಳಿಗೂ ಸೂಚನೆ ಕಳಿಸಬೇಕಾಗುತ್ತೆ. ಪರೀಕ್ಷೆ ಮಾಡಿದವಳು ನೀನು, ಕೆಳಗೆ ನಿನ್ನ ಹೆಸರೂ ಇರಬೇಕು.”

ಒಂದು ಆಯುಷ್ಯದ ಕೆಲಸವನ್ನು ಒಂದೇ ಸಾಲಿನಲ್ಲಿ ಕಸದಬುಟ್ಟಿಗೆ ಹಾಕುವುದು, ಅದೂ ಮಗಳ ಹೆಸರಿನಲ್ಲಿ. ಸ್ವಲ್ಪ ಸಮಯ ಕೊಡಿ ಎಂದಷ್ಟೇ ಹೇಳಿ ಎದ್ದಳು. ಮುಂದಿನ ಸಭೆಯವರೆಗೆ ತಡೆಯುತ್ತೇನೆ ಎಂದರು ನಿರ್ದೇಶಕರು.

ಸಂಜೆ ಮನೆಗೆ ಬಂದಾಗ ಅಪ್ಪ ಕಿಟಕಿಯ ಪಕ್ಕ ಕೂತು ಅವಳ ಚೀಲದ ಕಿತ್ತುಹೋದ ಪಟ್ಟಿಯನ್ನು ಹೊಲಿಯುತ್ತಿದ್ದ. ನಿವೃತ್ತನಾದ ಮೇಲೆ ಆ ಬೀದಿಯ ಚೀಲ, ಕೊಡೆ, ದಿಂಬುಗಳೆಲ್ಲ ಅವನ ಸೂಜಿಯ ಬಾಯಿಗೆ ಬಿದ್ದಿದ್ದವು. ಒಳಗಿನಿಂದಲೇ ದಾರ ಎಳೆದು, ಗಂಟನ್ನು ಒಳಗೇ ಅಡಗಿಸಿ ಹೊಲಿಯುವುದು ಅವನ ರೀತಿ. ಅಮ್ಮ ಅದಕ್ಕೆ ಕಳ್ಳಹೊಲಿಗೆ ಎಂದು ಹೆಸರಿಟ್ಟಿದ್ದಳು.

“ನನ್ನ ಇಲಿ ಏನಂತೆ?” ಅಪ್ಪ ತಲೆ ಎತ್ತದೆ ಕೇಳಿದ. ದಿನಾ ಕೇಳುತ್ತಿದ್ದ.

“ಇನ್ನೂ ಬಂದಿಲ್ಲಪ್ಪ,” ಎಂದು ಸುಳ್ಳು ಹೇಳಿದಳು. ಹೇಳಿ ಮುಖ ತೊಳೆಯಲು ಹೋದಳು.

“ಬರುತ್ತೆ ಬಿಡು. ಚೀಟಿ ಸರಿಯಾಗಿದ್ರೆ ಎಲ್ಲ ಸರಿಯಾಗಿರುತ್ತೆ. ಮೊದಲು ಚೀಟಿ, ಆಮೇಲೆ ಕತ್ತರಿ. ಪ್ರಾಣಿ ಮೇಜಿನ ಮೇಲೆ ಬಂದ ತಕ್ಷಣ ಎಡಗಾಲಿಗೆ ಚೀಟಿ ಕಟ್ಟದೆ ನಾನು ಒಂದು ಕೂದಲೂ ಮುಟ್ಟಿದವನಲ್ಲ.”

“ಅಯ್ಯೋ, ಗೊತ್ತಿಲ್ವಾ,” ಎಂದಳು ಅಮ್ಮ ಒಳಗಿನಿಂದ. “ಉಪ್ಪಿನ ಡಬ್ಬಕ್ಕೆ ಚೀಟಿ, ಸಕ್ಕರೆ ಡಬ್ಬಕ್ಕೆ ಚೀಟಿ. ನನ್ನ ಕಾಲಿಗೊಂದು ಕಟ್ಟೋದು ಬಾಕಿ.”

ಮಗಳಿಗೆ ನಗು ಬರಲಿಲ್ಲ. ಪರೀಕ್ಷಾಕೊಳವೆಯ ಮುಚ್ಚಳ ತೆಗೆಯುವ ಮೊದಲು ಹೆಸರು ಬರೆಯುವುದನ್ನು ಅವಳು ಕಲಿತದ್ದು ಯಾವ ಪಾಠದಿಂದಲೂ ಅಲ್ಲ, ಈ ಮನುಷ್ಯನಿಂದ. ಮಾತು ಬೇರೆ ಕಡೆ ತಿರುಗಿಸಲು ಫೋನು ತೆಗೆದು, ಗುಡ್ಡದಲ್ಲಿ ಹಿಡಿದ ಚಿತ್ರವನ್ನು ಅಪ್ಪನ ಮುಂದೆ ಹಿಡಿದಳು. ಬಂಡೆಯ ಮೇಲೊಂದು ಇಲಿ, ಅದರ ಹಿಂದೆ ಮುಗಿಯುವುದೇ ಇಲ್ಲವೇನೋ ಎನ್ನುವಂಥ ಬಾಲ.

ಅಪ್ಪ ಕನ್ನಡಕ ಏರಿಸಿದ. ನೋಡಿದ. ಇನ್ನೊಮ್ಮೆ ಹತ್ತಿರ ತಂದು ನೋಡಿದ.

“ಎಲ್ಲದಕ್ಕೂ ಬಾಲ ಇಷ್ಟುದ್ದನೇ ಇತ್ತಾ?”

“ಎಲ್ಲಕ್ಕೂ. ಪುಸ್ತಕದಲ್ಲಿ ಮಾತ್ರ ಮೋಟುಬಾಲ ಅಂತ ಇದೆ. ಹೆಸರಿಟ್ಟವರು ಬೀರುವಿನ ಇಲಿ ಒಂದನ್ನೇ ಅಳೆದು ಬರೆದದ್ದು ನೋಡು. ನಮಗೆಲ್ಲ ಅದೇ ಆಶ್ಚರ್ಯ.”

ಅಪ್ಪನ ಮುಖ ಹುಳ್ಳಗಾಯಿತು. ತಲೆನೋವು ಎಂದು ಗೊಣಗಿ, ಸೂಜಿಯನ್ನು ಪಟ್ಟಿಗೆ ಚುಚ್ಚಿಟ್ಟು, ಎದ್ದು ಒಳಗೆ ಹೋದ.

“ಇದೇನಿದು, ಹೊಲಿಗೆ ಅರ್ಧಕ್ಕೆ ಬಿಟ್ಟು ಎದ್ದುಹೋದ್ರಾ?” ಅಮ್ಮ ಬಾಗಿಲಿಗೆ ಬಂದಳು. “ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ್ದ?”

ಇಲಿಯಮ್ಮ ಚೀಲ ಎತ್ತಿಕೊಂಡು ಪಟ್ಟಿಯನ್ನು ತಿರುಗಿಸಿ ನೋಡಿದಳು. ಹೊಲಿದಿದ್ದ ಅರ್ಧದಲ್ಲಿ ದಾರವೂ ಇಲ್ಲ, ಗಂಟೂ ಇಲ್ಲ. ಬೆರಳಾಡಿಸಿದರೆ ಮಾತ್ರ ಎರಡು ಬಟ್ಟೆ ಕೂಡಿದ ಸಣ್ಣ ಏಣು ಸಿಗುತ್ತಿತ್ತು. ಬಾಲ ಎಂದ ಕೂಡಲೇ ಎದ್ದುಹೋದ ಅಪ್ಪ, ಕಾಣದ ಹಾಗೆ ಕೂಡಿಸಿದ ಎರಡು ಬಟ್ಟೆ.

ಮರುದಿನ ಬೀರುಗಳ ಕೋಣೆ ತೆರೆಯುವುದಕ್ಕೆ ಮುಂಚೆಯೇ ಅವಳು ಬಾಗಿಲಲ್ಲಿ ನಿಂತಿದ್ದಳು. ಬೀಗದ ಕೈಗೊಂಚಲನ್ನು ಸೊಂಟದಿಂದ ಇಳಿಸದ ಉಸ್ತುವಾರಿಯನ್ನು ಎಲ್ಲರೂ ಬೀಗದ ಮೇಡಂ ಎನ್ನುತ್ತಿದ್ದರು. ಕಳೆದ ಸಲ ಚರ್ಮದ ಚೂರು ಕೇಳಿದಾಗ, ಕಾಲು ಮುಟ್ಟಕೂಡದು, ಹೊಟ್ಟೆ ಮುಟ್ಟಕೂಡದು, ಬೇಕಾದರೆ ಬಾಲದ ತುದಿಯಿಂದ ಅಕ್ಕಿಕಾಳಿನಷ್ಟು ತಗೋ ಎಂದು ಪಟ್ಟು ಹಿಡಿದವರು ಅವರೇ.

“ಮತ್ತೆ ಏನು? ಇನ್ನೊಂದು ಚೂರು ಕೇಳಿದ್ರೆ ಬಾಲ ಕತ್ತರಿಸ್ತೀನಿ, ನಿಂದು.”

“ನೋಡೋಕಷ್ಟೇ ಮೇಡಂ.”

ಭೂತಗನ್ನಡಿಯ ಕೆಳಗೆ ಇಲಿಯನ್ನು ಬೋರಲು ಮಲಗಿಸಿ, ಬಾಲದ ಬುಡದ ಕೂದಲನ್ನು ಸಣ್ಣ ಚಿಮುಟದಿಂದ ಬಿಡಿಸಿದಳು. ಮೊದಲು ಏನೂ ಕಾಣಲಿಲ್ಲ. ಇನ್ನಷ್ಟು ಬಿಡಿಸಿದಾಗ ಚರ್ಮದ ಮೇಲೆ ಉಂಗುರದಂತೆ ಸುತ್ತಿಬಂದ ತೆಳುವಾದ ಏಣು. ಅದರ ಈಚೆಗೆ ಒಂದು ಬಣ್ಣ, ಆಚೆಗೆ ಕೂದಲೆಳೆಯಷ್ಟು ಬೇರೆ ಬಣ್ಣ. ದಾರ ಕಾಣದು, ಗಂಟು ಕಾಣದು. ಪ್ರಪಂಚದಲ್ಲಿ ಹೀಗೆ ಹೊಲಿಯುವವನು ಒಬ್ಬನೇ. ನಿನ್ನೆ ಸಂಜೆ ಅವಳ ಚೀಲ ಹೊಲಿಯುತ್ತಿದ್ದವನೂ ಅವನೇ.

ಅವಳು ಗಟ್ಟಿಯಾಗಿ ನಕ್ಕಳು. ನಗುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು. ಬೀಗದ ಮೇಡಂ ಗಾಬರಿಯಾದರು.

“ಏನಾಯ್ತೇ ನಿಂಗೆ?”

“ಮೇಡಂ, ಈ ಬಾಲ ಈ ಇಲಿಯದ್ದಲ್ಲ. ನಾನು ಓದಿದ್ದು ಬರೀ ಬಾಲವನ್ನ! ಚೀಟಿ ಕಟ್ಟಿರೋದು ಕಾಲಿಗೆ. ಇಲಿ ಯಾರು ಅಂತ ಕಾಲನ್ನ ಕೇಳ್ಬೇಕಿತ್ತು.”

ಬೀಗದ ಮೇಡಂ ಭೂತಗನ್ನಡಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. “ಹತ್ತಿಮೇಷ್ಟ್ರು! ಇಷ್ಟು ಕಾಲ ನನ್ನ ಮೂಗಿನ ಕೆಳಗೇ!” ಎಂದರು. ಆಮೇಲೆ ಯಾವತ್ತೂ ಮಾಡದ ಒಂದು ಕೆಲಸ ಮಾಡಿದರು. ತಾವೇ ಚಿಮುಟ ತಂದುಕೊಟ್ಟು, ಅಂಗಾಲಿನಿಂದ ಒಂದು ಚೂರು ತಗೋ ಅಂದರು.

ಅಂದು ಸಂಜೆ ಅವಳು ಚಪ್ಪಲಿ ಕಳಚುವ ಮೊದಲೇ ಕೇಳಿದಳು: “ಅಪ್ಪ, ಆ ಬಾಲ ಯಾರದ್ದು?”

“ಯಾವ ಬಾಲ?”

“ಅಪ್ಪ.”

“ಇಲಿಗೆ ಇಲಿಯ ಬಾಲ ಇರದೆ ಆನೆಯ ಬಾಲ ಇರುತ್ತಾ?”

“ಹೇಳ್ಬಿಡ್ರೀ,” ಎಂದಳು ಅಮ್ಮ. “ರಾತ್ರಿಯಿಂದ ಮಗ್ಗುಲು ಬದಲಾಯಿಸಿ ಬದಲಾಯಿಸಿ ನನಗೂ ನಿದ್ದೆ ಕೊಟ್ಟಿಲ್ಲ ನೀವು.”

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಬಾಯಿ ಬಿಟ್ಟ. ಬಾಲದೊಳಗಿನ ಮೂಳೆ ಎಳೆಯುವಾಗ ಚರ್ಮ ಕಾಲುಚೀಲದ ಹಾಗೆ ಜಾರಿ ಬಂದು ಉದ್ದಕ್ಕೂ ಸೀಳಿಹೋಯಿತಂತೆ. ಹೊರಗಿನಿಂದ ದೊಡ್ಡವರು ಹೊಸ ಇಲಿ ನೋಡಲು ಬರುವ ದಿನ ಬೇರೆ. ಅಂದೇ ಕಾರ್ಯಾಗಾರದ ಬೋನಿಗೆ ಮನೆಯಿಲಿಯೊಂದು ಬಿದ್ದಿತ್ತು. ಅದರ ಬಾಲ ತೆಗೆದು, ಬುಡ ಹೊಂದಿಸಲು ಒಂದಿಷ್ಟು ಕತ್ತರಿಸಿ, ಚಹಾದ ನೀರಿನಲ್ಲಿ ಅದ್ದಿ ಬಣ್ಣ ಬರಿಸಿ ಹೊಲಿದುಬಿಟ್ಟ.

“ಬಾಲ ಇಲ್ಲದ ಇಲೀನ ದೊಡ್ಡವರ ಮುಂದೆ ಹೇಗೆ ಇಡೋದು? ಅವರು ಹೋದಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಯಾರೋ ಅಳತೆ ಹಿಡಿದು, ಮೋಟುಬಾಲ ಅಂತ ಬರೆದು, ಪುಸ್ತಕದಲ್ಲಿ ಹಾಕಿಸಿಬಿಟ್ರು. ಅಚ್ಚಾದ ಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?”

“ಇನ್ನು ಎಷ್ಟಕ್ಕೆ ಹೀಗೆ ಹೊಲಿದಿದ್ದೀಯ?”

“ಇದೊಂದೇ. ನಿನ್ನಾಣೆ.”

ಆಗ ಅವಳು ನಿರ್ದೇಶಕರು ಹೇಳಿದ್ದನ್ನೆಲ್ಲ ಹೇಳಿದಳು. ಚೀಟಿ ಅದಲುಬದಲು ಎಂಬ ಮಾತು ಕೇಳಿದ್ದೇ ತಡ, ಇಲ್ಲಿಯವರೆಗೆ ನೆಲ ನೋಡುತ್ತಿದ್ದ ಅಪ್ಪ ಸಿಡಿದು ನಿಂತ.

“ಚೀಟಿ? ನಾನು? ಬಾಲ ಬದಲಾಯಿಸಿದೆ, ಹೌದು, ಬುದ್ಧಿಯಿಲ್ಲದೆ ಮಾಡಿದೆ. ಅದಕ್ಕೆ ಚೀಟಿ ತಪ್ಪಿಸಿದೆ ಅನ್ನೋದಾ? ನನ್ನನ್ನ ಏನು ಅಂದ್ಕೊಂಡಿದಾರೆ ಅವರು? ಅದರ ಸ್ವಂತ ಬಾಲ ಅದರ ಹೊಟ್ಟೆಯೊಳಗೇ ಇದೆ. ಹತ್ತಿ ಬಿಚ್ಚಿ ನೋಡ್ಲಿ. ಅದರ ಸಾಮಾನು ಬಿಸಾಕೋಕೆ ನನಗೇನು ಹಕ್ಕಿದೆ?”

ಕದ್ದ ಬಾಲಕ್ಕೆ ನಾಚಿಕೆ, ಕಟ್ಟಿದ ಚೀಟಿಗೆ ಸಿಟ್ಟು. ಅಪ್ಪನ ಲೆಕ್ಕ ಬೇರೆಯವರಿಗೆ ತಮಾಷೆಯಾಗಿ ಕಾಣಬಹುದು, ಮಗಳಿಗೆ ಮಾತ್ರ ಅದು ಪೂರ್ತಿ ಅರ್ಥವಾಯಿತು. ಅಪ್ಪನ ಮಾತನ್ನು ಅವಳು ನಂಬಿದಳು. ಆದರೆ ಅವಳು ನಂಬಿದರೆ ಸಾಲದು, ಅಂಗಾಲಿನ ಚೂರು ಬಾಯಿ ಬಿಡಬೇಕಿತ್ತು.

ಹಳೆಯ ಚರ್ಮ ಅವಸರಕ್ಕೆ ಬಗ್ಗುವುದಿಲ್ಲ. ನೆನೆಸಬೇಕು, ಕರಗಿಸಬೇಕು, ಸೋಸಬೇಕು, ಚಿಂದಿಗಳನ್ನು ಜೋಡಿಸಬೇಕು. ಅಷ್ಟೂ ಕಾಲ ಅಪ್ಪ ನನ್ನ ಇಲಿ ಏನಂತೆ ಎಂದು ಕೇಳುವುದನ್ನೇ ಬಿಟ್ಟ. ಅವಳು ಮನೆಗೆ ಬಂದ ಕೂಡಲೇ ಅವಳ ಮುಖ ನೋಡಿ, ಮತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದ. ಕೇಳುತ್ತಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನಿಸುತ್ತಿತ್ತು.

ಕೊನೆಗೂ ಅಕ್ಷರಗಳು ಬಂದವು. ಅವುಗಳನ್ನು ಉಳಿದ ಇಲಿಗಳ ಜೊತೆ ಸೇರಿಸಿ ಮರ ಬಿಡಿಸು ಎಂದು ಹೇಳಿ ಇಲಿಯಮ್ಮ ಉಗುರು ಕಚ್ಚುತ್ತ ಕೂತಳು. ಪರದೆಯ ಮೇಲೆ ಮರ ಮೂಡಿತು. ಮೊದಲು ಅವಳ ಕಣ್ಣು ಹೋದದ್ದು ಮನೆಯಿಲಿಗಳ ಗುಂಪಿಗೆ. ಅಲ್ಲಿ ಬಾಲದ ಹೆಸರೊಂದೇ ಇತ್ತು, ಕಾಲಿನದು ಇರಲಿಲ್ಲ. ಮೇಲಕ್ಕೆ ಹೋದಳು, ಹೊಲದ ಇಲಿಗಳನ್ನು ದಾಟಿದಳು, ನದಿಯಾಚೆಯ ದಾಯಾದಿಯನ್ನು ದಾಟಿದಳು. ಗುಡ್ಡದ ಕೊಂಬೆಯಲ್ಲಿ, ಅವಳೇ ಹಿಡಿದು ಬಿಟ್ಟ ಇಲಿಗಳ ಮಗ್ಗುಲಲ್ಲಿ, ಅಪ್ಪನ ಇಲಿ ತನ್ನ ಮನೆಗೆ ಬಂದು ಕೂತಿತ್ತು.

ಹೋದ ಜೀವ ಬಂದಂತಾಯಿತು ಅವಳಿಗೆ. ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ದೊಡ್ಡದಾಗಿ ಉಸಿರು ಬಿಟ್ಟಳು. ಆಮೇಲೆ ಮನೆಗೆ ಫೋನು ಮಾಡಿದಳು.

“ಅಪ್ಪ, ಗುಡ್ಡದ್ದೇ. ನಿನ್ನ ಚೀಟಿ ಸರಿಯಾಗಿದೆ.”

ಆ ಕಡೆಯಿಂದ ಅಮ್ಮನ ದನಿ ಬಂತು. “ಏನೇ ಅಂದೆ ಇವರಿಗೆ? ಫೋನ್ ಕೈಯಲ್ಲಿ ಹಿಡ್ಕೊಂಡು ಮಗುವಿನ ಹಾಗೆ ಅಳ್ತಾ ಇದಾರೆ.”

ನಿರ್ದೇಶಕರು ಎರಡು ಮರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಈ ಸಲ ಕನ್ನಡಕ ತೆಗೆಯಲಿಲ್ಲ. ಆದರೂ ಪೂರ್ತಿ ಸಡಿಲಲಿಲ್ಲ.

“ಈ ಚೀಟಿ ಸರಿ, ಒಪ್ಪಿದೆ. ಆದ್ರೆ ಬಾಲ ಹೊಲಿದ ಕೈ ಬೇರೇನು ಹೊಲಿದಿದೆಯೋ? ಒಂದೇ ಅಂತ ಅವರು ಹೇಳ್ತಾರೆ, ನೀನು ನಂಬ್ತೀಯ. ನಾನು ಯಾವುದನ್ನ ನೋಡಿ ನಂಬಲಿ?”

“ಅವರನ್ನೇ ಕರೆಸಿ ಸರ್. ಹೊಟ್ಟೆಯೊಳಗೆ ಬಾಲ ಇದೆ ಅಂದಿದಾರೆ.”

ಹತ್ತಿಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತನ್ನ ಸೂಜಿಗಳ ಹಳೆಯ ಚರ್ಮದ ಚೀಲ ಹಿಡಿದು ಬಂದ. ನಿವೃತ್ತನಾದ ಮೇಲೆ ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಬೀಗದ ಮೇಡಂ ಇಲಿಯನ್ನು ತಂದು ಮೇಜಿನ ಮೇಲೆ ಮಲಗಿಸಿ, ಕೂಸಿನ ತೊಟ್ಟಿಲು ಕಾಯುವವರ ಹಾಗೆ ಪಕ್ಕದಲ್ಲೇ ನಿಂತರು. ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ಬೆರಳ ತುದಿಯಿಂದ ಹೊಟ್ಟೆಯ ಹೊಲಿಗೆ ಎಲ್ಲಿದೆಯೆಂದು ತಡವಿ, ಬೇರೆಯವರ ಕಣ್ಣಿಗೆ ಕಾಣದ ಜಾಗಕ್ಕೆ ಸೂಜಿಯ ಮೊನೆ ಹಾಕಿ ಎತ್ತಿದ. ಹೊಲಿಗೆ ಒಂದೊಂದಾಗಿ ಬಿಟ್ಟಿತು. ಹಳದಿಗಟ್ಟಿದ ಹತ್ತಿಯನ್ನು ಚಿಮುಟದಿಂದ ಮೆಲ್ಲಗೆ ಸರಿಸಿ, ಸುರುಳಿ ಸುತ್ತಿದ ಒಂದು ಸಣ್ಣ ವಸ್ತುವನ್ನು ಹೊರಗೆಳೆದ.

ಬಾಲವೇ. ಒಣಗಿದ ಮೂಳೆ, ಅದರ ಸುತ್ತ ಸೀಳಿದ ಚರ್ಮ.

ಅದರ ಬುಡಕ್ಕೆ ದಾರ ಕಟ್ಟಿತ್ತು. ದಾರದ ತುದಿಯಲ್ಲಿ ಬೆರಳ ಉಗುರಿನಷ್ಟಗಲದ ಒಂದು ಚೀಟಿ.

ನಿರ್ದೇಶಕರು ಬಾಗಿ ಓದಿದರು. ಇಲಿಯ ಕಾಲಿನ ಚೀಟಿಯನ್ನು ತಿರುಗಿಸಿ ಅದನ್ನೂ ಓದಿದರು. ಅದೇ ಸಂಖ್ಯೆ, ಅದೇ ದುಂಡನೆಯ ಅಕ್ಷರ. ಬಾಲ ಇದೆ ಎಂದು ಮಗಳಿಗೆ ಗೊತ್ತಿತ್ತು, ಚೀಟಿಯ ವಿಷಯ ಅಪ್ಪ ಅವಳಿಗೂ ಹೇಳಿರಲಿಲ್ಲ. ಅದು ಹೇಳಬೇಕಾದ ಸಂಗತಿ ಎಂದು ಅವನಿಗೆ ಹೊಳೆದೇ ಇರಲಿಲ್ಲ.

“ಅಲ್ಲ ಮೇಷ್ಟ್ರೇ,” ಎಂದರು ನಿರ್ದೇಶಕರು. “ಮುಚ್ಚಿಡೋಕೆ ಅಂತಲೇ ಹೊಟ್ಟೆಯೊಳಗೆ ಹಾಕಿ ಹೊಲಿದಿರಿ. ಯಾರೂ ನೋಡಲ್ಲ ಅಂತ ಗೊತ್ತಿತ್ತು. ಇದಕ್ಯಾಕೆ ಚೀಟಿ ಕಟ್ಟಿದ್ರಿ?”

ಅಪ್ಪನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಯಾರೂ ನೋಡಲ್ಲ ಅಂತ ಚೀಟಿ ಕಟ್ಟದೆ ಇಡೋಕಾಗುತ್ತಾ ಸರ್?”

ನಿರ್ದೇಶಕರು ಮೊದಲು ಮುಗುಳ್ನಕ್ಕರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಗದ ಮೇಡಂ ಗೊಂಚಲು ಗಲಗಲ ಎನ್ನುವ ಹಾಗೆ ನಕ್ಕರು. ಸಂಗ್ರಹಾಲಯಗಳಿಗೆ ಕಳಿಸಲು ಬರೆದಿಟ್ಟಿದ್ದ ಸೂಚನೆಯನ್ನು ನಿರ್ದೇಶಕರು ಅಲ್ಲೇ, ಅವರೆದುರಿಗೇ, ಕಂಪ್ಯೂಟರಿನಿಂದ ಅಳಿಸಿಹಾಕಿದರು. ಅದರ ಬದಲಿಗೆ ಒಂದು ಸಣ್ಣ ತಿದ್ದುಪಡಿ ಬರೆಯುವುದೆಂದಾಯಿತು: ಗುಡ್ಡದಿಲಿ ಮೋಟುಬಾಲದ್ದಲ್ಲ, ಮೊದಲ ಇಲಿಗೆ ಅಂಟಿಸಿದ್ದು ಮನೆಯಿಲಿಯ ಬಾಲ. ಇಲಿಯಮ್ಮ ಒಣಗಿದ ಬಾಲವನ್ನು ಅಳೆದಳು. ಮೈಗಿಂತ ಉದ್ದವಿತ್ತು.

“ಹೊಟ್ಟೆ ಮುಚ್ಚಿಕೊಡಿ ಮೇಷ್ಟ್ರೇ,” ಎಂದರು ಬೀಗದ ಮೇಡಂ. “ನಿಮ್ಮ ಕೈಯಲ್ಲೇ ಆಗ್ಲಿ.”

ಅಪ್ಪ ಸೂಜಿಗೆ ದಾರ ಪೋಣಿಸಿದ. ಮಗಳು ದೀಪವನ್ನು ಹತ್ತಿರಕ್ಕೆ ಎಳೆದು ಹಿಡಿದಳು. ಹತ್ತಿ ತುಂಬಿ, ಅಂಚು ಕೂಡಿಸಿ, ಹೊಲಿಯುತ್ತ ಹೋದ. ಕೊನೆಯ ಹೊಲಿಗೆಗೆ ಬಂದಾಗ ಕೈ ಅಭ್ಯಾಸದಂತೆ ದಾರವನ್ನು ಒಳಕ್ಕೆ ತೂರಿಸಲು ಹೋಯಿತು. ಅಪ್ಪ ಒಂದು ಕ್ಷಣ ತಡೆದ. ಆಮೇಲೆ ದಾರವನ್ನು ಹೊರಗೆಳೆದು, ಎಲ್ಲರಿಗೂ ಕಾಣುವ ಹಾಗೆ, ಗಂಟನ್ನು ಮೇಲೆಯೇ ಹಾಕಿದ.